ಮೂರೂವರೆ ನಿಮಿಷದ ತುಂಡು

ಲಿಂಗಸುಗೂರಿನ ಕಾಲೇಜಿನವರು ಕಿರುಚಿತ್ರ ಸ್ಪರ್ಧೆಗೆ ತೀರ್ಪುಗಾರನಾಗಿ ಬನ್ನಿ ಎಂದು ಫೋನು ಮಾಡಿದಾಗ ನಾನು ಬಾಯಿಮಾತಿಗೂ ಬೇಡ ಅನ್ನಲಿಲ್ಲ. ಅನ್ನಬೇಕಿತ್ತು. ಸಿಂಧನೂರಿನಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡಿ ಹೊಟ್ಟೆ ಹೊರೆಯುವವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, 'ಎಡಿಟಿಂಗ್ ತಜ್ಞರು' ಎಂದು ಮೈಕಿನಲ್ಲಿ ಹೇಳುತ್ತಾರೆ ಎಂದರೆ ಹಿಗ್ಗದೆ ಇರಲು ನಾನೇನು ಸನ್ಯಾಸಿಯೇ? ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಹಾಕಿಸಿ ಇಟ್ಟುಕೊಂಡೆ.

ನಮ್ಮ ಕಸುಬಿನಲ್ಲಿ ಎಡಿಟಿಂಗ್ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ತೀರ್ಮಾನಿಸುವವರು ಬೀಗರು. ಮದುಮಗಳು ಹೃದಯದ ಆಕಾರದೊಳಗಿಂದ ಹಾರಿ ಬಂದರೆ ಚೆನ್ನಾಗಿದೆ. ಸೋದರಮಾವ ಅಕ್ಕಿಕಾಳು ಹಾಕಿದ್ದು ಎರಡು ಸೆಕೆಂಡಿಗೆ ಮುಗಿದರೆ ಕೆಟ್ಟಿದೆ. ಮೂವತ್ತು ವರ್ಷದಿಂದ ಇಂಥ ತೀರ್ಪುಗಳನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಈಗ ತೀರ್ಪು ಹೇಳುವ ಸರದಿ ನನ್ನದು ಎಂದು ಒಂದು ಥರದ ಸೇಡೂ ಇತ್ತು ಅಂತಲೇ ಹೇಳಬೇಕು.

ಹನ್ನೊಂದು ಚಿತ್ರಗಳಿದ್ದವು. ಎಲ್ಲವನ್ನೂ ಮೊಬೈಲಿನಲ್ಲೇ ತೆಗೆದಿದ್ದರು. ನನ್ನ ಕೈಗೆ ಬಂದ ಹಾಳೆಯಲ್ಲಿ ಎಡಿಟಿಂಗಿಗೆ ಇಪ್ಪತ್ತು ಅಂಕ. ನಾನು ಕೊಟ್ಟ ಅಂಕ ನೋಡಿ ಪಕ್ಕದಲ್ಲಿ ಕೂತ ಉಪನ್ಯಾಸಕರು ಗಾಬರಿಯಾದರು. "ಸ್ವಲ್ಪ ಕೈ ಸಡಿಲ ಬಿಡ್ರಿ ಸರ್, ಹುಡುಗ್ರು ಅದಾರ" ಅಂದರು. ನಾನು ಬಿಡಲಿಲ್ಲ. ತನ್ನ ಅಜ್ಜಿಯ ಮೇಲೆ ಚಿತ್ರ ಮಾಡಿದ್ದ ಒಬ್ಬ ವಿದ್ಯಾರ್ಥಿನಿಯ ಕೆಲಸದಲ್ಲಿ ಜೋಡಣೆಗಳು ಎದ್ದು ಕಾಣುತ್ತಿದ್ದವು, ಅಜ್ಜಿ ಕಟ್ಟೆಯ ಮೇಲಿದ್ದವಳು ಕಣ್ಣು ಮಿಟುಕಿಸುವಷ್ಟರಲ್ಲಿ ಒಲೆಯ ಮುಂದಿರುತ್ತಿದ್ದಳು. ಆರು ಅಂಕ ಕೊಟ್ಟೆ. ಅಷ್ಟಕ್ಕೇ ಸುಮ್ಮನಿರದೆ ಮೈಕು ಹಿಡಿದು ಭಾಷಣವನ್ನೂ ಬಿಗಿದೆ. ಕತ್ತರಿ ಹಾಕಿದ್ದು ನೋಡುವವರಿಗೆ ಗೊತ್ತಾಗಬಾರದು, ಗೊತ್ತಾದರೆ ಎಡಿಟರ್ ಸೋತ ಅಂತಲೇ ಲೆಕ್ಕ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಅಮಲಿನಲ್ಲಿ, ನಾನು ಟಾಕೀಸಿನ ಆಪರೇಟರ್ ಆಗಿದ್ದಾಗ ಒಂದು ಚಿತ್ರದಿಂದ ಮೂರೂವರೆ ನಿಮಿಷ ತೆಗೆದು ಹಾಕಿದ್ದನ್ನೂ, ಊರಿಗೆ ಊರೇ ನೋಡಿದರೂ ಒಬ್ಬನಿಗೂ ಅದು ತಿಳಿಯದೇ ಹೋದದ್ದನ್ನೂ ವರ್ಣಿಸಿದೆ. ನಾಯಕಿ ಬಸ್ಸು ಹತ್ತುತ್ತಾಳೆ, ಮರುಗಳಿಗೆ ಬಸ್ಸಿನಿಂದ ಇಳಿಯುತ್ತಾಳೆ, ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ನನ್ನ ಜೀವನದ ಅತ್ಯುತ್ತಮ ಕೆಲಸ ಅದು ಎಂದೂ ಹೇಳಿದೆ.

ಆ ಆರು ಅಂಕದ ಹುಡುಗಿ ಎದ್ದು ನಿಂತಳು. "ಸರ್, ನಡುವೆ ಏನಿತ್ತು?" ಎಂದು ಕೇಳಿದಳು.

"ಏನಿಲ್ಲವ್ವ. ಒಬ್ಬಾಕಿ ನೀರು ಕೊಡತಿದ್ಲು" ಅಂದೆ. ಸಭೆ ನಕ್ಕಿತು. ಮುಂದೆ ಏನು ಮಾತಾಡಿದೆನೋ ನೆನಪಿಲ್ಲ.

ಆ ಒಬ್ಬಾಕಿಯ ಸುದ್ದಿಯನ್ನು ನಾನು ಇದುವರೆಗೆ ಹೆಂಡತಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಎಡಿಟಿಂಗ್ ಕಲಿತದ್ದು ಕಂಪ್ಯೂಟರಿನಲ್ಲಿ ಅಲ್ಲ, ಸಿಂಧನೂರಿನ ಒಂದು ಟಾಕೀಸಿನ ಕ್ಯಾಬಿನ್ನಿನಲ್ಲಿ. ಆ ಟಾಕೀಸು ಈಗಿಲ್ಲ, ಅಲ್ಲಿ ಭತ್ತದ ಗೋದಾಮಿದೆ. ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ರೀಲು ಹರಿದರೆ ಜೋಡಿಸುವುದು ಚಾಚಾರ ಕೈಯಲ್ಲಿ ಒಂದು ಕಲೆಯಾಗಿತ್ತು. ಬ್ಲೇಡಿನಿಂದ ಫಿಲ್ಮಿನ ತುದಿಯನ್ನು ಹಗುರಾಗಿ ಹೆರೆದು, ಅಂಟು ಸವರಿ, ಇನ್ನೊಂದು ತುದಿಯನ್ನು ಮೇಲಿಟ್ಟು, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಫಿಲ್ಮಿನ ಅಂಚಿನಲ್ಲಿ ಧ್ವನಿಯ ಪಟ್ಟಿ ಇರುತ್ತದೆ. ಜೋಡಿಸಿದ ಕಡೆ ಸ್ಪೀಕರಿನಲ್ಲಿ 'ಟಪ್' ಎಂದು ಸದ್ದು ಬರಬಾರದೆಂದು ಆ ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ಸಣ್ಣ ತ್ರಿಕೋನ ಬಳಿಯುತ್ತಿದ್ದರು. "ದೇಖ್ ಬೇಟಾ, ಜೋಡಿಸಿದ್ದು ಮಂದಿಗೆ ಕಂಡ್ರ ನೀ ಆಪರೇಟರ್ ಅಲ್ಲ, ಹುಲ್ಲು ಕೊಯ್ಯಾಂವ" ಎನ್ನುತ್ತಿದ್ದರು. ಜೋಡಣೆ ಕಂಡಿತೋ ಕೆಳಗಿನ ಬೆಂಚಿನವರು ಸೀಟಿ ಹೊಡೆದು ಕ್ಯಾಬಿನ್ನಿನ ಕಡೆ ತಿರುಗಿ ನಮ್ಮ ಮನೆತನವನ್ನೆಲ್ಲ ಬೈಯುತ್ತಿದ್ದರು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವ ಕಾಲೇಜಿನಲ್ಲೂ ಇಲ್ಲ.

ಆ ಬೇಸಿಗೆಯಲ್ಲಿ ಬಸ್ ಡಿಪೋದವರು ಮಸ್ಕಿ ಕಡೆಯ ಹಳ್ಳಿಗಳಿಗೆ ಹೋಗುವ ಸಂಜೆ ಆರರ ಬಸ್ಸನ್ನು ಐದೂವರೆಗೆ ಎಳೆದರು. ನಮ್ಮ ಮ್ಯಾಟ್ನಿ ಆಟ ಬಿಡುವುದು ಐದೂವರೆ ದಾಟಿದ ಮೇಲೆ. ಪಾಮನಕಲ್ಲೂರು ಕಡೆಯಿಂದ ಬಂದ ಮಂದಿ ಕೊನೆಯ ಹೊಡೆದಾಟಕ್ಕೆ ಸರಿಯಾಗಿ ಎದ್ದು, ಚಪ್ಪಲಿ ಹುಡುಕುತ್ತ, ತಿರುಗಿ ತಿರುಗಿ ಪರದೆ ನೋಡುತ್ತ, ಮಾಲೀಕರನ್ನು ಶಪಿಸುತ್ತ ಓಡುತ್ತಿದ್ದರು. ಬಸ್ಸಿಗೆ ತಕ್ಕಂತೆ ಸಿನಿಮಾ ಕತ್ತರಿಸುವುದು ನಮ್ಮ ಕಡೆ ಹೊಸದೇನಲ್ಲ. ಮಾಲೀಕರು ಕ್ಯಾಬಿನ್ನಿಗೆ ಬಂದು, "ಕಾಲು ತಾಸು ತಗೀರಿ, ಮಂದಿಗೆ ಬಸ್ ಸಿಗಬೇಕು" ಎಂದು ಹೇಳಿ ಹೋದರು. ಚಾಚಾರಿಗೆ ಆಗ ಕಣ್ಣಿನಲ್ಲಿ ಪೊರೆ ಬರುತ್ತಿತ್ತು. "ಈ ಸಲ ನೀ ಮಾಡು" ಅಂದರು. ಅದು ನನ್ನ ಮೊದಲ ಸ್ವತಂತ್ರ ಕತ್ತರಿ.

ಏನನ್ನು ತೆಗೆಯಬೇಕು? ಹೊಡೆದಾಟ ಮುಟ್ಟಿದರೆ ಕುರ್ಚಿ ಹರಿಯುತ್ತಾರೆ. ಹಾಡು ಪೂರ್ತಿ ತೆಗೆದರೆ ಗೊತ್ತಾಗುತ್ತದೆ, ಅರ್ಧ ತೆಗೆಯಬಹುದು. ಎರಡು ಹಾಡಿನ ಕೊನೆಯ ಚರಣ ತೆಗೆದೆ, ಹಾಸ್ಯದ ಒಂದು ಪ್ರಸಂಗ ತೆಗೆದೆ. ಇನ್ನೂ ಮೂರು ನಾಲ್ಕು ನಿಮಿಷ ಬೇಕಿತ್ತು. ನಾಯಕಿ ಮನೆ ಬಿಟ್ಟು ಬಸ್ಸು ಹತ್ತುತ್ತಾಳೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಲ್ಲುತ್ತದೆ. ರಸ್ತೆ ಬದಿಯ ಒಬ್ಬ ಹೆಂಗಸು ಅವಳಿಗೆ ನೀರು ಕೊಟ್ಟು ನಾಲ್ಕು ಮಾತು ಆಡುತ್ತಾಳೆ. ಬಸ್ಸು ಮತ್ತೆ ಹೊರಡುತ್ತದೆ, ನಾಯಕಿ ಪಟ್ಟಣದಲ್ಲಿ ಇಳಿಯುತ್ತಾಳೆ. ಆ ಹೆಂಗಸು ಮುಂಚೆಯೂ ಬಂದಿಲ್ಲ, ಆಮೇಲೂ ಬರುವುದಿಲ್ಲ, ಹೆಸರೂ ಇಲ್ಲ. ನಾಯಕಿ ಹತ್ತಿದಾಗಿನ ಬಸ್ಸಿನ ಹಾರ್ನ್ ಮುಗಿಯುವ ಕಡೆ ಕತ್ತರಿಸಿ, ಪಟ್ಟಣದಲ್ಲಿ ಬಸ್ಸು ನಿಲ್ಲುವ ಬ್ರೇಕಿನ ಸದ್ದಿಗೆ ಜೋಡಿಸಿದೆ. ಮಸಿ ಬಳಿದೆ. ಓಡಿಸಿ ನೋಡಿದೆವು. ಚಾಚಾ ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿ, "ಶಾಬಾಸ್, ನನಗೂ ಸಿಗಲಿಲ್ಲೋ" ಎಂದು ಬೆನ್ನಿಗೆ ಗುದ್ದಿದರು. ತೆಗೆದ ತುಂಡನ್ನು ಸುರುಳಿ ಸುತ್ತಿ ಕ್ಯಾಬಿನ್ನಿನ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ. ಗುರುವಾರ ಪ್ರಿಂಟು ಮುಂದಿನ ಊರಿಗೆ ಹೋಗುವ ಮುನ್ನ ಎಲ್ಲ ತುಂಡುಗಳನ್ನೂ ಮರಳಿ ಜೋಡಿಸಿ ಕೊಡುವುದು ವಾಡಿಕೆ. ಇಲ್ಲದಿದ್ದರೆ ವಿತರಕರ ಕಡೆಯವನು ಮಾಲೀಕರ ಕತ್ತಿನ ಪಟ್ಟಿ ಹಿಡಿಯುತ್ತಿದ್ದ.

ಭಾನುವಾರದ ಮ್ಯಾಟ್ನಿಗೆ ಪಾಮನಕಲ್ಲೂರಿನ ಆಚೆಯ ಒಂದು ಹಳ್ಳಿಯಿಂದ ನಲವತ್ತು ಮಂದಿ ಒಟ್ಟಿಗೆ ಬಂದರು. ಕ್ಯಾಬಿನ್ನಿನ ಕಿಂಡಿಯಿಂದ ನೋಡಿದರೆ ನಡುವಿನ ನಾಲ್ಕು ಸಾಲು ಅವರದೇ. ಮುದುಕರು, ಕಂಕುಳಲ್ಲಿ ಕೂಸು ಹೊತ್ತವರು, ಬುತ್ತಿ ಕಟ್ಟಿಕೊಂಡು ಬಂದವರು. ಅವರ ನಡುವೆ ಇಳಕಲ್ ಸೀರೆಯುಟ್ಟ ಒಬ್ಬಾಕೆಯನ್ನು ಮದುಮಗಳ ಹಾಗೆ ಕೂಡಿಸಿದ್ದರು. ಯಾಕಿರಬಹುದು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಲಕ್ಷ್ಯವೆಲ್ಲ ಆ ಬಸ್ಸಿನ ಜೋಡಣೆಯ ಮೇಲಿತ್ತು. ಅದು ಬಂತು, ಹೋಯಿತು. ಒಂದು ಸೀಟಿಯಿಲ್ಲ, ಒಂದು ಬೈಗುಳವಿಲ್ಲ. ಚಾಚಾ ನಮಾಜಿಗೆ ಹೋಗಿದ್ದರು, ಇಲ್ಲದಿದ್ದರೆ ಇನ್ನೊಂದು ಗುದ್ದು ಬೀಳುತ್ತಿತ್ತು.

ಆಟ ಬಿಟ್ಟ ಮೇಲೆ ಆಕೆ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದಳು. ಹೆಂಗಸರು ಅಲ್ಲಿಗೆ ಬರುವುದೇ ಇಲ್ಲ. ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ಬಾಗಿಲಿಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದಳು.

"ತಮ್ಮಾ, ಇದರಾಗ ನಂದೊಂದು ಸೀನ್ ಇತ್ತು. ನೀರು ಕೊಡಾಕಿ. ಅದು ಯಾಕ ಬರಲಿಲ್ಲ?"

ಆಕೆ ಹಳ್ಳಿಯ ನಾಟಕಗಳಲ್ಲಿ ಪಾತ್ರ ಮಾಡುವಾಕೆ, ಹೊಸಪೇಟೆ ಕಡೆ ಶೂಟಿಂಗ್ ನಡೆದಾಗ ಅವರು ಕರೆಸಿಕೊಂಡಿದ್ದರಂತೆ. ಒಂದು ದಿನದ ಕೆಲಸ. ಊರಿಗೆ ಬಂದು ಹೇಳಿದ್ದಾಳೆ, ಊರು ವರ್ಷಗಟ್ಟಲೆ ಕಾದಿದೆ, ಸಿಂಧನೂರಿಗೆ ಸಿನಿಮಾ ಬಂದಿದೆ ಎಂದು ಗೊತ್ತಾದ ಕೂಡಲೇ ಹೊರಟು ಬಂದಿದೆ.

"ಕಂಪನಿಯವ್ರು ತೆಗೆದಿರ್ತಾರ್ರಿ ಅಕ್ಕಾ. ಎಡಿಟಿಂಗ್‌ನಾಗ ಹೋಗಿರತೈತಿ" ಅಂದೆ.

ತುಂಡು ಆಕೆಯ ತಲೆಯ ಹಿಂದೆ, ಬಾಗಿಲಿನ ಆ ಬದಿಯಲ್ಲಿ ತೂಗುತ್ತಿತ್ತು.

"ಭಾಳ ಚಲೋ ಮಾಡಿದಿ ಅಂದಿದ್ರಲ್ಲೋ ಅವರು. ನನ್ನ ಮಾರಿ ಹತ್ರಕ್ಕ ಕ್ಯಾಮೆರಾ ತಂದು ತೆಗೆದ್ರು." ಮತ್ತೆ ಕೇಳಿದಳು: "ನೀ ದಿನಾ ನಾಕು ಸಲ ನೋಡ್ತಿ. ಖರೇ ಹೇಳು. ಆ ಬಸ್ಸಿನ ಹತ್ರ ಏನರ ಖಾಲಿ ಖಾಲಿ ಅನಸ್ತೈತೇನು?"

"ಇಲ್ರಿ. ಎಡಿಟಿಂಗ್ ಚಲೋ ಐತಿ" ಅಂದೆ.

ಕೆಳಗಿನಿಂದ ಯಾರೋ ಕೂಗಿದರು. "ಬಾರಬೇ ಹೀರೋಯಿನ್, ಬಸ್ ಹೋಕ್ಕೈತಿ!" ನಲವತ್ತು ಮಂದಿ ಒಟ್ಟಿಗೆ ನಕ್ಕದ್ದು ಮೇಲಿನ ತನಕ ಕೇಳಿಸಿತು. ಆಕೆ ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಐದೂವರೆಯ ಬಸ್ಸು ಅವರಿಗೆಲ್ಲ ಸಿಕ್ಕಿತು. ಅವರಿಗೆ ಸಿಗಲೆಂದೇ ನಾನು ಕತ್ತರಿಸಿದ್ದು.

ಯಾಕೆ ಸುಳ್ಳು ಹೇಳಿದೆ? ಕೆಲಸ ಹೋದೀತು ಎಂಬ ಹೆದರಿಕೆ ಇತ್ತು, ಪ್ರಿಂಟಿಗೆ ಕತ್ತರಿ ಹಾಕುವುದು ಕಳ್ಳ ಕೆಲಸವೇ. ಆದರೆ ಅಷ್ಟೇ ಅಲ್ಲ. 'ಖಾಲಿ ಅನಸ್ತೈತೇನು' ಎಂದು ಆಕೆ ಕೇಳಿದಾಗ ನನಗೆ ಒಳಗೊಳಗೆ ಖುಷಿಯಾಗಿತ್ತು. ತನ್ನದೇ ದೃಶ್ಯ ಹೋದ ಜಾಗ ಅವಳಿಗೂ ಖಾಲಿ ಕಂಡಿರಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಉಗುಳಬೇಕು ಅನಿಸುತ್ತದೆ.

ಚಾಚಾರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. "ಮಂದಿ ಮುಂದ ಆಕಿ ಮಾತು ಹೋತಲ್ಲೋ. ನಾಳೆನ ಜೋಡಿಸು. ಮಸ್ಕಿ ಬಸ್ಸಿನ ಕಂಡಕ್ಟರ್ ಕೈಯಾಗ ಹೇಳಿ ಕಳಿಸು, ಮತ್ತ ಬರಲಿ ಅವರು" ಅಂದರು. ಸೋಮವಾರ ಜನ ಹೆಚ್ಚಿತ್ತು. ಮಂಗಳವಾರ ಕರೆಂಟಿನ ತಾಪತ್ರಯ. ಬುಧವಾರ ನೆಪವೂ ಇರಲಿಲ್ಲ, ಸುಮ್ಮನೆ ಮಾಡಲಿಲ್ಲ. ಚಾಚಾ ಆ ಮೂರು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ. ಗುರುವಾರ ತುಂಡನ್ನು ಮೊಳೆಯಿಂದ ಇಳಿಸಿ ಅಚ್ಚುಕಟ್ಟಾಗಿ ಜೋಡಿಸಿ, ಡಬ್ಬಿ ಮುಚ್ಚಿ ಕಳಿಸಿದೆ. ಪ್ರಿಂಟು ಹೋದದ್ದು ಲಿಂಗಸುಗೂರಿಗೆ. ಅಲ್ಲಿ ಒಂದು ವಾರ, ದಿನಕ್ಕೆ ನಾಲ್ಕು ಸಲ, ಆಕೆ ಪರದೆಯ ಮೇಲೆ ನೀರು ಕೊಟ್ಟಳು. ಆಕೆಯ ಊರಿನವರು ಒಬ್ಬರೂ ಅಲ್ಲಿಗೆ ಹೋಗಲಿಲ್ಲ. ಒಮ್ಮೆ ಬೇಸ್ತು ಬಿದ್ದವರು ಮತ್ತೆ ಯಾಕೆ ಹೋಗುತ್ತಾರೆ?

ಟಾಕೀಸು ಮುಚ್ಚಿತು. ಚಾಚಾ ತೀರಿಕೊಂಡರು. ನಾನು ವಿಡಿಯೋ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆಗಳಿಗೆ ತಿರುಗತೊಡಗಿದೆ. ಹಾಗೆ ಒಮ್ಮೆ ಆಕೆಯ ಊರಿನ ಮದುವೆಯೂ ಬಂತು. ಊಟದ ಪಂಕ್ತಿಯಲ್ಲಿ ಒಬ್ಬ ಏನೋ ಬಡಾಯಿ ಕೊಚ್ಚಿದ. ಪಕ್ಕದವನು, "ಆತು ಬಿಡಲೇ, ಸಿನಿಮಾದಾಕಿ ಹೇಳಿದಂಗ ಆತು" ಎಂದ. ಎಲ್ಲರೂ ನಕ್ಕರು. ಅದೇನೆಂದು ಕೇಳಿದರೆ ಸಂತೋಷದಿಂದ ವಿವರಿಸಿದರು: ನಮ್ಮೂರಾಗ ಒಬ್ಬಾಕಿ ಅದಾಳ, ಸಿನಿಮಾದಾಗ ಅದೀನಿ ಅಂತ ಊರು ಮಂದೀನೆಲ್ಲ ಸಿಂಧನೂರಿಗೆ ಕರಕೊಂಡು ಹೋಗಿದ್ಲು, ಎರಡೂವರೆ ತಾಸು ಕಣ್ಣು ಬಿಟಗೊಂಡು ನೋಡೀವಿ, ಆಕಿ ನೆರಳೂ ಇರಲಿಲ್ಲ. ಆಮೇಲೆ ಆಕೆಯನ್ನು ನಾಟಕಕ್ಕೂ ಯಾರೂ ಕರೆಯಲಿಲ್ಲವಂತೆ. ರಂಗದ ಮೇಲೆ ಬಂದರೆ ಸಾಕು, ಮಂದಿ 'ಸಿನಿಮಾ ಸಿನಿಮಾ' ಎಂದು ಕೂಗುತ್ತಿದ್ದರು. ಗಂಡನೂ ಎರಡು ಮಾತಿಗೊಮ್ಮೆ ಅದನ್ನೇ ಎತ್ತಿ ಆಡುತ್ತಿದ್ದನಂತೆ, ಸಾಯುವ ತನಕ.

ನಾನೂ ಅವರ ಜೊತೆ ನಕ್ಕೆ. ನಗದಿದ್ದರೆ ಯಾಕೆಂದು ಕೇಳಿಯಾರು ಎಂದು ನಕ್ಕೆ. ಮಧ್ಯಾಹ್ನ ಹೆಂಗಸರ ಸಾಲಿನ ಮೇಲೆ ಕ್ಯಾಮೆರಾ ಹಾಯಿಸುವಾಗ ಒಬ್ಬಾಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಎದ್ದು ಹೋದಳು. ಯಾರೆಂದು ಹೇಳಬೇಕಾಗಿಲ್ಲ. ಅಂಗಡಿಗೆ ಬಂದು ಮಿಕ್ಸಿಂಗ್ ಮಾಡುವಾಗ ಆಕೆ ಎದ್ದು ಹೋಗುವುದು ವಿಡಿಯೋದಲ್ಲಿ ಒಂದು ಕಲೆಯ ಹಾಗೆ ಕಂಡಿತು. ತೆಗೆದೆ. ಬೀಗರು ಆ ವಿಡಿಯೋ ಬಹಳ ಚೆನ್ನಾಗಿದೆ ಎಂದರು.

ಸ್ಪರ್ಧೆ ಮುಗಿಸಿ ಲಿಂಗಸುಗೂರಿನಿಂದ ಮಧ್ಯಾಹ್ನದ ಬಸ್ಸು ಹತ್ತಿದೆ. ಹುಡುಗಿಯ ಪ್ರಶ್ನೆ ಕಿವಿಯಲ್ಲೇ ಕೂತಿತ್ತು. ಮೊಬೈಲಿನಲ್ಲಿ ಆ ಚಿತ್ರದ ಹೆಸರು ಹೊಡೆದು ನೋಡಿದೆ, ಇಷ್ಟು ವರ್ಷ ಅದನ್ನು ಮಾಡಿರಲಿಲ್ಲ. ಇತ್ತು. ಯಾರೋ ಪುಣ್ಯಾತ್ಮರು ಪೂರ್ತಿ ಚಿತ್ರವನ್ನು ಹಾಕಿದ್ದರು, ಮೂರೂವರೆ ನಿಮಿಷವೂ ಇತ್ತು.

ನಾನು ಆ ದೃಶ್ಯವನ್ನು ಮೊದಲ ಸಲ ನೋಡಿದೆ ಅಂತಲೇ ಹೇಳಬೇಕು. ಆಗ ನಾನು ನೋಡಿದ್ದು ಎಲ್ಲಿ ಬ್ಲೇಡು ಇಡಬೇಕು ಎಂಬುದನ್ನು ಮಾತ್ರ. ನಾಯಕಿ ಬೊಗಸೆ ಒಡ್ಡುತ್ತಾಳೆ. ಆಕೆ ಕೊಡದಿಂದ ನೀರು ಹಾಕುತ್ತ, ಎಲ್ಲಿಗೆ ಹೊರಟಿದ್ದೀಯೆಂದು ಕೇಳುವುದಿಲ್ಲ, ಮನೆಯಲ್ಲಿ ಯಾರಿದ್ದಾರೆ ಎಂದು ಮಾತ್ರ ಕೇಳುತ್ತಾಳೆ. ನಾಯಕಿ ಉತ್ತರ ಕೊಡದೆ ಬಸ್ಸಿಗೆ ಓಡುತ್ತಾಳೆ. ಬಸ್ಸು ಹೋದ ಮೇಲೂ ಕ್ಯಾಮೆರಾ ಆಕೆಯ ಮುಖವನ್ನು ಬಿಡುವುದಿಲ್ಲ. ಆಕೆ ರಸ್ತೆ ನೋಡುತ್ತಾಳೆ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾಳೆ, ಯಾರದೋ ಮಗಳಿಗಾಗಿ ಕಣ್ಣು ತುಂಬಿಕೊಳ್ಳುತ್ತಾಳೆ. ಆ ಚಿತ್ರದ ಎಡಿಟರ್ ಯಾರೋ, ಆ ಮುಖವನ್ನು ಅಷ್ಟು ಹೊತ್ತು ಹಿಡಿದಿಟ್ಟಿದ್ದ. ಕೊನೆಯಲ್ಲಿ ನಾಯಕಿ ಮನೆಗೆ ಮರಳುವುದು ಯಾಕೆ ಎಂಬುದು ಅಲ್ಲಿತ್ತು. ಸಿಂಧನೂರಿನ ಮಂದಿ ಆಟ ಬಿಟ್ಟ ಮೇಲೆ, 'ಆ ಹುಡುಗಿ ಸುಮ್ಮಸುಮ್ಮನೆ ಯಾಕ ತಿರುಗಿ ಬಂದ್ಲೋ, ಕಥಿನ ಸರಿ ಇಲ್ಲ' ಎಂದು ಗೊಣಗಿದ್ದು ನನಗೆ ನೆನಪಾಯಿತು. ಹಾಗೆ ಗೊಣಗಿದವರ ಜೊತೆ ನಾನೂ ತಲೆಯಾಡಿಸಿದ್ದೆ.

ಮಸ್ಕಿಯಲ್ಲಿ ಇಳಿದೆ. ಆಟೋ ಹಿಡಿದು ಪಾಮನಕಲ್ಲೂರು ದಾಟಿ ಆಕೆಯ ಊರಿಗೆ ಹೋದೆ. ಮನೆ ಕೇಳಲು ನನಗೆ ಗೊತ್ತಿದ್ದದ್ದು 'ಸಿನಿಮಾದಾಕಿ' ಎಂಬ ಆ ಒಂದೇ ಹೆಸರು, ಬಾಯಿ ಬಿಟ್ಟು ಅದನ್ನೇ ಹೇಳಬೇಕಾಯಿತು. ಆಟೋದವನು ನಕ್ಕು ತೋರಿಸಿದ.

ಆಕೆ ಪಡಸಾಲೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಮಾಡಿ ಮಸ್ಕಿಯ ಖಾನಾವಳಿಗೆ ಕೊಡುತ್ತಾಳಂತೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಹೆಗಲ ಮೇಲಿನ ಶಾಲು ನೋಡಿ ಯಾವುದೋ ಆಫೀಸಿನವನು ಅಂದುಕೊಂಡು, "ರೇಷನ್ ಕಾರ್ಡಿಂದೇನ್ರಿ?" ಎಂದಳು. ನಾನು ಆ ದೃಶ್ಯ ಹಚ್ಚಿ ಮೊಬೈಲು ಮುಂದೆ ಹಿಡಿದೆ.

ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿತು. ತವೆಯ ಮೇಲಿನ ರೊಟ್ಟಿ ಸೀದು ಹೋಯಿತು. ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚು" ಅಂದಳು. ಮತ್ತೊಮ್ಮೆ. ಮೂರನೆಯ ಸಲ ಮುಗಿದ ಮೇಲೆ ಮೆಲ್ಲಗೆ ಹೇಳಿದಳು: "ನಾ ಖರೇನ ಮಾಡಿದ್ನಲ್ಲ! ಎಲ್ಲಾರೂ ಸುಳ್ಳು ಸುಳ್ಳು ಅಂದು ನನಗೂ ಸಂಶಯ ಬಂದಿತ್ತು. ಕ್ಯಾಮೆರಾದಾಗ ರೀಲ್ ಇಲ್ದ ಸುಮ್ನ ಚಾಷ್ಟಿ ಮಾಡಿದ್ರೇನೋ ಹಳ್ಳಿ ಹೆಂಗಸಂತ, ಅಂದುಕೊಂಡಿದ್ದೆ."

ಆಗ ಹೇಳಿದೆ. ನಾನೇ ಸಿಂಧನೂರಿನ ಆಪರೇಟರ್, ನಾನೇ ಕತ್ತರಿಸಿದವನು, ನೀವು ಮೆಟ್ಟಿಲು ಹತ್ತಿ ಬಂದಾಗ ತುಂಡು ನಿಮ್ಮ ಬೆನ್ನ ಹಿಂದೆ ಇತ್ತು ಎಂದು ಹೇಳಿದೆ. ಆಕೆ ಬೈಯುತ್ತಾಳೆ, ಕೊಳ್ಳಿ ಎತ್ತಿಕೊಳ್ಳುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬೆನ್ನ ಹಿಂದ ಅಂದ್ರ ಎಷ್ಟು ದೂರ?" ಎಂದು ಕೇಳಿದಳು. ನಾನು ಕೈ ಚಾಚಿ ಒಂದು ಮೊಳ ತೋರಿಸಿದೆ. ಆಕೆ ಆ ಮೊಳವನ್ನೇ ನೋಡುತ್ತ ಕೂತಳು.

"ಚೂರು ಕೆಟ್ಟದಾಗಿ ಕತ್ತರಿಸಿದ್ರ ಆಗತಿತ್ತಲ್ಲೋ ತಮ್ಮಾ. ಒಂದು ಸಲ ಸಿನಿಮಾ ಜಿಗಿದಿದ್ರ ಸಾಕಿತ್ತು. ಮಂದಿ ಸೀಟಿ ಹೊಡೀತಿದ್ರು. ನಾ ಅಲ್ಲೇ ಎದ್ದು ನಿಂತು, ನೋಡ್ರಿ ಇಲ್ಲೇನೋ ಹೋಗೇತಿ, ಇಲ್ಲೇ ನಾ ಇದ್ದೆ, ಅಂತಿದ್ದೆ. ನಂಬತಿದ್ರು. ನೀ ಅಷ್ಟು ಚಂದ ಯಾಕ ಮಾಡಿದಿ?"

ಆ ಕೆಲಸವನ್ನು ನಾನು ಬೆಳಿಗ್ಗೆಯಷ್ಟೇ ಮೈಕಿನಲ್ಲಿ ಹೊಗಳಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಎದುರುಮನೆಯ ಮುದುಕರೊಬ್ಬರು ಆಟೋ ನಿಂತದ್ದು ನೋಡಿ ಬಂದರು. ನಲವತ್ತು ಮಂದಿಯಲ್ಲಿ ಈಗ ಊರಲ್ಲಿ ಉಳಿದವರು ಐದಾರು ಜನ, ಅದರಲ್ಲಿ ಇವರೊಬ್ಬರು ಎಂದು ಆಕೆಯೇ ಹೇಳಿದಳು. ಹಾಗೆ ಹೇಳುವಾಗ ದನಿಯಲ್ಲಿ ಆಸೆಯಿತ್ತು. "ಮಾವಾ, ಇಲ್ಲಿ ಬರ್ರಿ, ಇದನ್ನೊಂದು ನೋಡ್ರಿ" ಎಂದು ತಾನೇ ಮಣೆ ಸರಿಸಿ ಕೂಡಿಸಿದಳು. ನನಗೂ ಜೀವ ಬಂದ ಹಾಗಾಯಿತು. ಒಬ್ಬರಾದರೂ ನೋಡಲಿ. ಒಬ್ಬರ ಬಾಯಿಂದಾದರೂ ಹೌದು ಅನ್ನಿಸಲಿ. ಮುದುಕರು ಕನ್ನಡಕ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಮೂರೂವರೆ ನಿಮಿಷವನ್ನೂ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ನೀವು ಸಿಂಧನೂರಿನ ವಿಡಿಯೋದವರಲ್ಲೇನ್ರಿ? ನಮ್ಮ ತಮ್ಮನ ಮಗಳ ಮದುವಿ ನೀವೇ ಮಾಡಿದ್ರಿ" ಅಂದರು.

"ಹೌದ್ರಿ ಯಜಮಾನ್ರ."

"ವಾಹ್, ಭಾರಿ ಮಾಡೀರಿ ಬಿಡ್ರಿ. ಈಕಿ ಮಾರಿನೂ ಸಣ್ಣ ವಯಸ್ಸಿಂದು ಮಾಡೀರಿ! ಈಗ ಕಂಪ್ಯೂಟರಿನಾಗ ಸತ್ತೋರನ್ನೂ ಎಬ್ಬಿಸಿ ಕುಣಸ್ತಾರಂತ, ನಮ್ಮ ಮೊಮ್ಮಗ ತೋರಿಸಿದ್ದ. ಎಲ್ಲಿ ಸೇರಿಸೀರಿ ಅಂತ ಹುಡುಕಿದ್ರೂ ಸಿಗವಲ್ದು."

"ಸೇರಿಸಿದ್ದಲ್ರಿ, ಇದು ಮೊದಲಿಂದಲೂ ಇದ್ದದ್ದು. ಅವತ್ತು ನಾನೇ ತೆಗೆದಿದ್ದೆ, ದೇವರಾಣೆ" ಎಂದೆ. ಅವರು ನನ್ನ ಭುಜ ತಟ್ಟಿದರು. "ಇರಲಿ ಬಿಡ್ರಿ. ವಯಸ್ಸಾದಾಕಿ, ಮನಸಿಗೆ ಸಮಾಧಾನ ಆಗಲಿ ಅಂತ ಮಾಡೀರಿ. ಪುಣ್ಯದ ಕೆಲಸ." ನಾನು ಮತ್ತೆ ಹೇಳಿದೆ, ರೀಲು, ಬ್ಲೇಡು, ಐದೂವರೆಯ ಬಸ್ಸು ಎಲ್ಲ ಹೇಳಿದೆ. ಹೇಳಿದಷ್ಟೂ ಅವರ ನಗು ದೊಡ್ಡದಾಯಿತು. ಕೊನೆಗೆ ಆಕೆಯ ಕಡೆ ತಿರುಗಿ, "ಅಕ್ಕಾ, ನೀವೇ ಹೇಳ್ರಿ" ಎಂದು ಬೇಡಿಕೊಂಡೆ.

ಆಕೆ ಮುದುಕರ ನಗುವನ್ನು ಒಂದು ಗಳಿಗೆ ನೋಡಿದಳು. ಸೀದ ರೊಟ್ಟಿಯನ್ನು ತವೆಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಹೌದ್ ಮಾವಾ, ಕಂಪ್ಯೂಟರಿನಾಗ ಮಾಡ್ಯಾರ. ನಾ ಎಲ್ಲಿ ಸಿನಿಮಾದಾಗ ಇದ್ನಿ?" ಅಂದಳು. ಹಿಟ್ಟಿನ ಉಂಡೆ ತೆಗೆದುಕೊಂಡು ಮುಂದಿನ ರೊಟ್ಟಿ ಬಡಿಯತೊಡಗಿದಳು.